ಬಣ್ಣಕ್ಕೆ ಆಧಾರವೇನು? ಮೆಸ್ಸರ್‌ಸ್ಮಿಟ್ ೨೬೨ರ ಮಾದರಿಗಳನ್ನು ಕುರಿತು ಒಂದು ವಿಚಾರ

ಗತಕಾಲದ ವಸ್ತುಗಳನ್ನು ಪರಿಶೀಲಿಸುವಾಗ ಇತಿಹಾಸಕಾರನು ಅವುಗಳ ಆಕಾರ, ಅಳತೆ, ಕಾಲಗಳಿಗೆ ಕೊಡುವಷ್ಟು ಗಮನವನ್ನು ಬಣ್ಣಕ್ಕೆ ಕೊಡುವುದಿಲ್ಲ. ಬಣ್ಣವು ಕಣ್ಣಿಗೆ ಕಾಣುವಂಥದು, ಕಂಡದ್ದಕ್ಕೆ ಬೇರೆ ಆಧಾರವೇಕೆ ಎಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಈ ಭಾವನೆ ಎಷ್ಟು ದುರ್ಬಲವೆಂಬುದನ್ನು ನಾನು ನನ್ನ ವಿದ್ಯಾರ್ಥಿಯೊಬ್ಬನಿಂದ ತಿಳಿದುಕೊಂಡೆನು. ಆತನು ಎರಡನೆಯ ಮಹಾಯುದ್ಧದ ಜರ್ಮನ್ ಜೆಟ್ ವಿಮಾನವಾದ ಮೆಸ್ಸರ್‌ಸ್ಮಿಟ್ ೨೬೨ರ ಮಾದರಿಯೊಂದನ್ನು, ಮೂಲದ ೭೨ರಲ್ಲಿ ಒಂದು ಅಂಶದ ಅಳತೆಯಲ್ಲಿ ತಯಾರಿಸಿ, ಕಾಲೇಜಿನ ವಸ್ತುಪ್ರದರ್ಶನದಲ್ಲಿ ಇಟ್ಟಿದ್ದನು. ಅದರ ಮೇಲ್ಭಾಗಕ್ಕೆ ಬಳಿದಿದ್ದ ನೇರಿಳೆ ಛಾಯೆಯ ಕಂದುಬಣ್ಣ ತಪ್ಪೆಂದೂ, ಅಲ್ಲಿ ಕಡುಹಸಿರು ಇರಬೇಕಾಗಿತ್ತೆಂದೂ ನಾನು ಹೇಳಿದೆನು. "ತಾವು ಯಾವ ಆಧಾರದ ಮೇಲೆ ಹಾಗೆ ಹೇಳುತ್ತೀರಿ, ಸರ್?" ಎಂದು ಆತನು ವಿನಯದಿಂದಲೇ ಕೇಳಿದನು. ಪುಸ್ತಕವೊಂದರಲ್ಲಿ ಅಚ್ಚಾಗಿದ್ದ ಚಿತ್ರವನ್ನು ಬಿಟ್ಟರೆ ನನ್ನಲ್ಲಿ ಬೇರೆ ಆಧಾರವಿರಲಿಲ್ಲ. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಕೊಡಲು ಪ್ರಯತ್ನಿಸಿದ್ದೇನೆ.

ಮೆಸ್ಸರ್‌ಸ್ಮಿಟ್ ೨೬೨ ಜೆಟ್ ಎಂಜಿನುಗಳ ಬಲದಿಂದಲೇ ಮೊದಲು ಹಾರಿದ್ದು ೧೯೪೨ನೆಯ ಜುಲೈ ೧೮ರಂದು, ಲೈಪ್‌ಹೈಮ್ ಎಂಬಲ್ಲಿ. ಯುದ್ಧ ಮುಗಿಯುವುದರೊಳಗೆ ಈ ಜಾತಿಯ ಸುಮಾರು ೧,೪೦೦ ವಿಮಾನಗಳು ತಯಾರಾದವು. ಜರ್ಮನಿಯ ವಾಯುಯಾನ ಸಚಿವಾಲಯವು ವಿಮಾನಗಳಿಗೆ ಬಳಿಯುವ ಪ್ರತಿಯೊಂದು ಬಣ್ಣಕ್ಕೂ ಎರಡಂಕಿಯ ಸಂಖ್ಯೆಯೊಂದನ್ನು ಗೊತ್ತುಮಾಡಿತ್ತು. ೧೯೪೧ರಲ್ಲಿ ಅದು ಹೊರಡಿಸಿದ ವರ್ಣಪಟ್ಟಿಯಲ್ಲಿ ಬಣ್ಣದ ತುಣುಕುಗಳನ್ನೇ ಅಂಟಿಸಲಾಗಿತ್ತು. ಆದ್ದರಿಂದ ೭೪, ೭೫, ೭೬ ಎಂಬ ಸಂಖ್ಯೆಗಳ ವಿಷಯದಲ್ಲಿ ನಮಗೆ ಮೂಲಪ್ರತಿಯೇ ಇದೆಯೆನ್ನಬಹುದು. ಆದರೆ ೧೯೪೪ರ ಬೇಸಗೆಯಲ್ಲಿ ೮೧ ಮತ್ತು ೮೨ ಎಂಬ ಹೊಸ ಬಣ್ಣಗಳು ಬಳಕೆಗೆ ಬಂದವು. ಜೆಟ್ ವಿಮಾನದ ಮೇಲ್ಭಾಗಕ್ಕೆ ನಿಯತವಾದವು ಇವೇ. ಇವುಗಳ ತುಣುಕುಗಳುಳ್ಳ ಅಧಿಕೃತ ಪಟ್ಟಿ ಹೊರಬರಲೇ ಇಲ್ಲ. ಆಜ್ಞೆ ಉಳಿದಿದೆ, ಆಜ್ಞೆಯಲ್ಲಿ ಸೂಚಿತವಾದ ಬಣ್ಣ ಉಳಿದಿಲ್ಲ.

ಹೆಸರುಗಳಿಂದಲೂ ಈ ಕೊರತೆ ತುಂಬುವುದಿಲ್ಲ. ೮೧ನ್ನು ಒಂದು ಕಡತವು ಕಂದು-ನೇರಿಳೆ ಎಂದು ಕರೆದರೆ, ಮತ್ತೊಂದು ಆಲಿವ್-ಕಂದು ಎಂದು ಕರೆಯುತ್ತದೆ. ಇದಕ್ಕೆ ಅಂದಿನ ಪರಿಸ್ಥಿತಿಯೇ ಕಾರಣ. ಬಾಂಬು ದಾಳಿಗೆ ಹೆದರಿ ಉತ್ಪಾದನೆಯನ್ನು ಹಲವೆಡೆಗೆ ಹಂಚಲಾಗಿತ್ತು. ಬೇರೆಬೇರೆ ಕಡೆಗಳಲ್ಲಿ ತಯಾರಾದ ಭಾಗಗಳನ್ನು ಕಾಡಿನ ಮರೆಯಲ್ಲಿ ಜೋಡಿಸುವುದೂ ಉಂಟಾಗಿತ್ತು. ಹಳೆಯ ದಾಸ್ತಾನನ್ನು ವ್ಯರ್ಥಮಾಡದೆ ಹೊಸ ಬಣ್ಣದೊಡನೆ ಬಳಸಿ ಮುಗಿಸಬೇಕೆಂಬ ಸೂಚನೆಯೂ ಇದ್ದಿತು. ಹೀಗಿರುವಲ್ಲಿ ಸಾವಿರಾರು ವಿಮಾನಗಳಿಗೆಲ್ಲ ಒಂದೇ ಛಾಯೆ ಇದ್ದಿತೆಂದು ಊಹಿಸುವುದೇ ಯುಕ್ತವಲ್ಲ.

೮೩ ಎಂಬ ಸಂಖ್ಯೆಯ ಕಥೆ ಇದಕ್ಕಿಂತಲೂ ಬೋಧಪ್ರದವಾದುದು. ಈ ಸಂಖ್ಯೆ ಕಡತಗಳಲ್ಲಿ ಕಾಣಿಸಿಕೊಳ್ಳುತ್ತದೆ. ಯುದ್ಧಾನಂತರದ ಸಂಶೋಧಕರು, ಛಾಯಾಚಿತ್ರಗಳಲ್ಲಿ ಕಂಡ ಕಡುಹಸಿರಿಗೆ ಒಂದು ಸಂಖ್ಯೆ ಬೇಕಾಗಿದ್ದುದರಿಂದ, ೮೩ ಎಂದರೆ ಕಡುಹಸಿರು ಎಂದು ಅನುಮಾನಿಸಿದರು. ಅನುಮಾನವು ಪುಸ್ತಕಗಳನ್ನು ಸೇರಿತು. ಪುಸ್ತಕಗಳನ್ನು ನೋಡಿ ಮಾದರಿ ತಯಾರಿಸುವವರಿಗಾಗಿ ಬಣ್ಣ ಮಾರುವವರು '೮೩, ಕಡುಹಸಿರು' ಎಂದು ಶೀಶೆಗಳ ಮೇಲೆ ಚೀಟಿ ಅಂಟಿಸಿದರು. ಮುಂದಿನ ಪೀಳಿಗೆಯವರಿಗೆ ಆ ಚೀಟಿಯೇ ಆಧಾರವಾಯಿತು. ೮೩ ಹಸಿರೇ ಅಲ್ಲ, ಕಡುನೀಲಿ ಎಂಬ ವಾದವನ್ನು ಈಚಿನ ಸಂಶೋಧಕರು ಮುಂದಿಟ್ಟಿದ್ದಾರೆ. ಚರ್ಚೆ ಇನ್ನೂ ಮುಗಿದಿಲ್ಲ. ಓಲೆಯ ಪ್ರತಿಕಾರನೊಬ್ಬನು ತನಗೆ ತಿಳಿಯದ ಪದಕ್ಕೆ ಬದಲಾಗಿ ತಿಳಿದ ಪದವನ್ನು ಬರೆದು, ಮುಂದಿನವರೆಲ್ಲ ಅದನ್ನೇ ಮೂಲಪಾಠವೆಂದು ನಂಬಿದಂತೆ ಇದೂ ಆಯಿತು. ಹತ್ತು ಪ್ರತಿಗಳಲ್ಲಿ ಒಂದೇ ಪಾಠವಿದ್ದರೂ, ಹತ್ತೂ ಒಂದೇ ಪ್ರತಿಯಿಂದ ಹುಟ್ಟಿದ್ದರೆ ಅವು ಒಂದೇ ಸಾಕ್ಷಿಯೆಂಬುದನ್ನು ಮರೆಯಬಾರದು.

ಛಾಯಾಚಿತ್ರಗಳ ಸಾಕ್ಷ್ಯವನ್ನಾದರೂ ನಂಬಬಹುದೇ ಎಂದರೆ, ಅಲ್ಲಿಯೂ ಎಚ್ಚರಿಕೆ ಅಗತ್ಯ. ಅಂದಿನ ಚಿತ್ರಗಳಲ್ಲಿ ಬಹುಪಾಲು ಕಪ್ಪು-ಬಿಳುಪಿನವು. ಕೆಂಪು ಬೆಳಕಿಗೆ ಸ್ಪಂದಿಸದ ಒಂದು ಬಗೆಯ ಫಿಲ್ಮಿನಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬೆಳ್ಳಗೂ ಕಾಣುತ್ತವೆ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಿಲ್ಮಿನಲ್ಲಿಯೂ ಕಂದು ಹಾಗೂ ಹಸಿರು ಒಂದೇ ಬೂದಿಯಾಗಿ ಕಾಣುವುದು ಸಾಧ್ಯ. ವರ್ಣಚಿತ್ರಗಳ ರಂಗುಗಳು ಕಾಲಕ್ರಮದಲ್ಲಿ ಮಾಸುತ್ತವೆ, ಮತ್ತು ಎಲ್ಲವೂ ಸಮನಾಗಿ ಮಾಸುವುದಿಲ್ಲ. ಹೀಗೆ ಮಾಸಿದ ಚಿತ್ರದಿಂದ ಛಾಯೆಯನ್ನು ಅಳೆಯುವುದು ಸವೆದ ನಾಣ್ಯವನ್ನು ತೂಗಿ ಅದರ ಮೂಲ ತೂಕವನ್ನು ಹೇಳಿದಂತೆ.

ಉಳಿದುಬಂದ ವಿಮಾನಗಳ ಸ್ಥಿತಿಯೂ ಇದೇ. ೧೯೪೫ರಲ್ಲಿ ಅಮೆರಿಕನ್ನರು ವಶಪಡಿಸಿಕೊಂಡ ಹಲವು ವಿಮಾನಗಳನ್ನು 'ರೀಪರ್' ಎಂಬ ಹಡಗಿನಲ್ಲಿ ತಮ್ಮ ದೇಶಕ್ಕೆ ಸಾಗಿಸಿದರು. ಇಂತಹ ವಿಮಾನಗಳಿಗೆ ಪರೀಕ್ಷಾಹಾರಾಟಕ್ಕಾಗಿ, ಬಳಿಕ ಪ್ರದರ್ಶನಕ್ಕಾಗಿ, ಮತ್ತೆ ಮತ್ತೆ ಬಣ್ಣ ಬಳಿಯಲಾಯಿತು. ಮೇಲಿನ ಲೇಪವು ಕೊನೆಯ ಬಾರಿ ಬಳಿದವನ ಅಭಿಪ್ರಾಯಕ್ಕೆ ಮಾತ್ರ ಸಾಕ್ಷಿ. ಪದರಗಳನ್ನು ಜೋಪಾನವಾಗಿ ಉಜ್ಜಿ ಕೆಳಗಿನದನ್ನು ನೋಡಿದಾಗ ಮಾತ್ರ ಯುದ್ಧಕಾಲದ ಲೇಪ ಸಿಕ್ಕೀತು. ಅದು ಕೂಡ ಬಿಸಿಲು, ಎಣ್ಣೆ, ವಯಸ್ಸುಗಳಿಂದ ಬದಲಾಗಿರಬಹುದು.

ಅಮೆರಿಕದ ಸರ್ಕಾರವು ೧೯೫೬ರಲ್ಲಿ 'ಫೆಡರಲ್ ಸ್ಟ್ಯಾಂಡರ್ಡ್ ೫೯೫' ಎಂಬ ವರ್ಣಸಂಗ್ರಹವನ್ನು ಪ್ರಕಟಿಸಿತು. ಅದರ ಐದಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿ ಹೊಳಪನ್ನೂ, ಎರಡನೆಯದು ವರ್ಣವರ್ಗವನ್ನೂ ಸೂಚಿಸುತ್ತದೆ. ವಿಯೆಟ್ನಾಂ ಯುದ್ಧದ ಜೆಟ್ ವಿಮಾನಗಳ ಕಡುಹಸಿರು ೩೪೦೭೯ ಎಂದು ನಾವು ನಿಸ್ಸಂದೇಹವಾಗಿ ಹೇಳಬಲ್ಲೆವಾದರೆ ಅದು ಈ ಸಂಗ್ರಹದ ಉಪಕಾರ. ಆದರೂ ಸಂಖ್ಯೆ ತಿಳಿಸುವುದು ಡಬ್ಬಿಯಲ್ಲಿದ್ದ ಬಣ್ಣವನ್ನು. ಒಂದು ವರ್ಷ ಉಷ್ಣವಲಯದ ಬಿಸಿಲಿನಲ್ಲಿ ನಿಂತ ವಿಮಾನದ ಬಣ್ಣವನ್ನಲ್ಲ. ಮೇಲಾಗಿ, ೭೨ರಲ್ಲಿ ಒಂದಂಶದ ಮಾದರಿಯನ್ನು ೩೦ ಸೆಂಟಿಮೀಟರಿನಿಂದ ನೋಡುವುದು ನಿಜವಾದ ವಿಮಾನವನ್ನು ೨೧ ಮೀಟರಿಗೂ ಹೆಚ್ಚು ದೂರದಿಂದ ನೋಡಿದುದಕ್ಕೆ ಸಮ. ದೂರ ಹೆಚ್ಚಿದಂತೆ ನಡುವಣ ಗಾಳಿಯಿಂದ ಬಣ್ಣ ತಿಳಿಯಾಗಿ ಕಾಣುವುದರಿಂದ, ಅನೇಕರು ಮೂಲಬಣ್ಣಕ್ಕೆ ಸ್ವಲ್ಪ ಬಿಳಿಯನ್ನು ಬೆರೆಸುತ್ತಾರೆ. ಎಷ್ಟು ಬೆರೆಸಬೇಕೆಂಬುದು ಅಭಿರುಚಿಯ ವಿಷಯ, ಇತಿಹಾಸದ್ದಲ್ಲ.

ಇದರಿಂದ ಬಣ್ಣವನ್ನು ತಿಳಿಯುವುದು ಅಸಾಧ್ಯವೆಂದು ಅರ್ಥವಲ್ಲ. ಸಮಕಾಲೀನ ವರ್ಣಪಟ್ಟಿಯಿಂದ ತಿಳಿದುದು, ಉಳಿದ ಲೇಪದಿಂದ ತಿಳಿದುದು, ಕೇವಲ ಅನುಮಾನದಿಂದ ತಿಳಿದುದು, ಈ ಮೂರನ್ನೂ ಬೇರೆಬೇರೆಯಾಗಿ ಹೇಳುವ ಪ್ರಾಮಾಣಿಕತೆ ನಮಗಿರಬೇಕು.

ಈ ಪಾಠ ನಮಗೆ ದೂರದ್ದೂ ಅಲ್ಲ. ಜರ್ಮನಿಯ ಫೋಕೆ-ವುಲ್ಫ್ ವಿಮಾನಗಳ ವಿನ್ಯಾಸಕನಾದ ಕುರ್ಟ್ ಟ್ಯಾಂಕ್ ೧೯೫೬ರಲ್ಲಿ ಬೆಂಗಳೂರಿಗೆ ಬಂದನು. ಅವನ ನೇತೃತ್ವದಲ್ಲಿ ಇಲ್ಲಿ ರೂಪುಗೊಂಡ 'ಮಾರುತ' ಜೆಟ್ ವಿಮಾನವು ೧೯೬೧ರ ಜೂನ್ ೧೭ರಂದು ಮೊದಲ ಹಾರಾಟ ನಡೆಸಿತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮುಂದೆ ಒಂದು ಮಾರುತವಿದೆ. ಅದನ್ನು ನೋಡುವವರು, ಇದು ಕಾರ್ಖಾನೆಯಿಂದ ಹೊರಬಂದಾಗಿನ ಬಣ್ಣವೇ ಎಂದು ಕೇಳಬೇಕು. ಮಾರುತಕ್ಕೆ ಬಣ್ಣ ಬಳಿದ ಕೆಲಸಗಾರರು ಇಂದು ವೃದ್ಧರು. ಅವರ ನೆನಪುಗಳನ್ನೂ ಮನೆಗಳಲ್ಲಿರುವ ಚಿತ್ರಗಳನ್ನೂ ದಾಖಲಿಸುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ತಡಮಾಡದೆ ಕೈಗೊಳ್ಳಬಹುದು.

ಇನ್ನು ಆ ಪ್ರದರ್ಶನದ ಮಾದರಿಯ ವಿಷಯ. ವಿದ್ಯಾರ್ಥಿಯ ಕಂದುಬಣ್ಣಕ್ಕೆ ೮೧ರ ಒಂದು ಸಮಕಾಲೀನ ಹೆಸರಿನ ಬೆಂಬಲವಿದ್ದಿತು. ನನ್ನ ಕಡುಹಸಿರಿಗೆ ಯುದ್ಧಾನಂತರದ ಅನುಮಾನವೊಂದರ ಬೆಂಬಲ ಮಾತ್ರ ಇದ್ದಿತು. ಇದನ್ನು ನಾನು ಆತನ ತರಗತಿಯ ಮುಂದೆಯೇ ಒಪ್ಪಿಕೊಂಡಿದ್ದೇನೆ.