ಟರ್ಕಿ ನದಿಯ ದಂಡೆಯಲ್ಲಿ ಒಂದು ಖಾದರ್ ಊರು

ನಮ್ಮ ನಾಡಿನಲ್ಲಿ ಒಬ್ಬ ಖಾದರ್ ಆದರೂ ಇಲ್ಲದ ಮೊಹಲ್ಲಾ ಹುಡುಕುವುದು ಕಷ್ಟ. ಬಯಲುಸೀಮೆಯಲ್ಲಿ ಖಾದರ್ ಸಾಬರು, ಕರಾವಳಿಯಲ್ಲಿ ಅಬ್ದುಲ್ ಖಾದರ್ ಹಾಜಿ, ಇನ್ನೊಂದು ಕಡೆ ಬರೀ ಕಾದರ್. ಮೂಲ ಹುಡುಕುತ್ತಾ ಹೋದರೆ ಎಲ್ಲರೂ 1166ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡ ಶೇಖ್ ಅಬ್ದುಲ್ ಖಾದರ್ ಜೀಲಾನಿಯವರ ಹೆಸರಿಗೆ ಬಂದು ನಿಲ್ಲುತ್ತಾರೆ. ಅದೇ ಹೆಸರು ಅಮೆರಿಕದ ಅಯೋವಾ ರಾಜ್ಯದ ಒಂದು ಸಣ್ಣ ಊರಿಗೂ ಇದೆ ಎಂದರೆ ಓದುಗರು ನಂಬಲಿಕ್ಕಿಲ್ಲ. ಊರಿನ ಹೆಸರು ಎಲ್‌ಕೇಡರ್. ಬರೆಯುವುದು 'ಎಲ್ ಖಾದರ್' ಎಂದೇ; ಅಲ್ಲಿನವರ ನಾಲಿಗೆಯಲ್ಲಿ ಅದು ಕೇಡರ್ ಆಗಿದೆ.

ಅಯೋವಾ ಎಂದರೆ ಚಪ್ಪಟೆ ಬಯಲು, ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. ಆದರೆ ರಾಜ್ಯದ ಈಶಾನ್ಯ ಮೂಲೆ ಹಾಗಿಲ್ಲ. ಅಲ್ಲಿ ಗುಡ್ಡಗಳಿವೆ, ಸುಣ್ಣಕಲ್ಲಿನ ಬಂಡೆಗಳಿವೆ, ಮಿಸಿಸಿಪ್ಪಿಯ ಕಡೆಗೆ ಓಡುವ ನದಿಗಳಿವೆ. ಅವುಗಳಲ್ಲಿ ಒಂದು ಟರ್ಕಿ ನದಿ. ಇದು ತುರ್ಕರ ದೇಶದ ಹೆಸರಲ್ಲ, ಟರ್ಕಿ ಕೋಳಿಯ ಹೆಸರು! ಈ ನದಿಯ ನೀರಿಗೆ ಅಡ್ಡ ಕಟ್ಟಿ ಹಿಟ್ಟಿನ ಗಿರಣಿ ನಡೆಸಬಹುದೆಂದು ಬಂದ ಮೂವರು, ಟಿಮೊಥಿ ಡೇವಿಸ್, ಜಾನ್ ಥಾಂಪ್ಸನ್ ಮತ್ತು ಚೆಸ್ಟರ್ ಸೇಜ್, 1846ರಲ್ಲಿ ಊರಿನ ನಕ್ಷೆ ಹಾಕಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಯೋವಾ ರಾಜ್ಯವಾಯಿತು. ಹೆಸರು ಇಟ್ಟವರು ಡೇವಿಸ್. ಅವರು ವಕೀಲರು, ಮುಂದೆ 1857ರಿಂದ 1859ರವರೆಗೆ ಅಮೆರಿಕದ ಸಂಸತ್ತಿನಲ್ಲಿ ಕೂತವರು. ಅವರು ಆರಿಸಿಕೊಂಡದ್ದು ಆ ಹೊತ್ತಿಗೆ ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ಇನ್ನೂ ಕತ್ತಿ ಹಿಡಿದೇ ಇದ್ದ ಅಮೀರ್ ಅಬ್ದುಲ್ ಖಾದರರ ಹೆಸರನ್ನು.

ಈ ಅಮೀರರು ಯಾರು? 1808ರಲ್ಲಿ ಅಲ್ಜೀರಿಯಾದ ಮಸ್ಕರಾ ಬಳಿ ಹುಟ್ಟಿದವರು. ತಂದೆ ಖಾದಿರಿಯಾ ಸಿಲ್‌ಸಿಲಾದ ಖಾನ್‌ಖಾಹಿನ ಹಿರಿಯರು. ಮಗ ಕುರ್‌ಆನ್ ಓದುತ್ತಾ, ಕುದುರೆ ಸವಾರಿ ಕಲಿಯುತ್ತಾ, ತಂದೆಯ ಜೊತೆ ಹಜ್ ಮಾಡಿ ಬಂದವರು. ಹಾಗೆಯೇ ಬಿಟ್ಟಿದ್ದರೆ ಮುರೀದರಿಗೆ ಪಾಠ ಹೇಳಿಕೊಂಡು ಇದ್ದುಬಿಡುತ್ತಿದ್ದರು. ಆದರೆ 1830ರಲ್ಲಿ ಫ್ರೆಂಚರು ಅಲ್ಜೀರ್ಸ್ ಹಿಡಿದರು. 1832ರಲ್ಲಿ ಕಬೀಲಾಗಳು ಸೇರಿ ಇಪ್ಪತ್ತನಾಲ್ಕರ ಈ ತರುಣನ ಕೈಗೆ ಬೈಅತ್ ಕೊಟ್ಟವು. 1834ರಲ್ಲಿ ಒಮ್ಮೆ, 1837ರಲ್ಲಿ ತಾಫ್ನಾದಲ್ಲಿ ಇನ್ನೊಮ್ಮೆ ಫ್ರೆಂಚರೇ ಒಪ್ಪಂದಕ್ಕೆ ಬಂದರು. 1839ರಲ್ಲಿ ಯುದ್ಧ ಮತ್ತೆ ಹತ್ತಿಕೊಂಡಿತು. ಸೇನಾನಿ ಬ್ಯೂಜೋ ಬಂದ ಮೇಲೆ ಅದು ಸೈನ್ಯಗಳ ಯುದ್ಧವಾಗಿ ಉಳಿಯಲಿಲ್ಲ. ಬೆಳೆಗೆ ಬೆಂಕಿ, ಹಗೇವಿಗೆ ಬೆಂಕಿ, ಹಳ್ಳಿಗೆ ಬೆಂಕಿ. 1845ರಲ್ಲಿ ದಹ್ರಾ ಬೆಟ್ಟದ ಗವಿಗಳಲ್ಲಿ ಅಡಗಿದ್ದ ನೂರಾರು ಜನರನ್ನು, ಹೆಂಗಸರು ಮಕ್ಕಳೆನ್ನದೆ, ಬಾಯಿಗೆ ಬೆಂಕಿ ಹಾಕಿ ಹೊಗೆಯಲ್ಲಿ ಉಸಿರುಗಟ್ಟಿಸಿ ಕೊಂದರು. ಆ ಸುದ್ದಿ ಯುರೋಪಿನ ಪತ್ರಿಕೆಗಳಲ್ಲಿ ಗದ್ದಲ ಎಬ್ಬಿಸಿತು.

ಅಮೀರರ ರಾಜಧಾನಿ ಒಂದು ಡೇರೆಗಳ ಊರು, 'ಸ್ಮಾಲಾ'. ಸಾವಿರಾರು ಜನ, ದನಕರು, ಕಮ್ಮಾರರು, ಕಾಜಿಗಳು ಎಲ್ಲರೂ ಕೂಡಿ ಜಾಗ ಬದಲಿಸುತ್ತಿದ್ದರು. 1843ರಲ್ಲಿ ಫ್ರೆಂಚರು ಅದನ್ನು ಹಿಡಿದಾಗ ಅಮೀರರ ಗ್ರಂಥಭಂಡಾರವೂ ಲೂಟಿಯಾಯಿತು. ಯುದ್ಧದ ನಡುವೆ ಪುಸ್ತಕ ಹೊತ್ತು ತಿರುಗಿದ ಸೇನಾನಿ ನಮಗೆ ಬೇರೆ ನೆನಪಾಗುವುದಿಲ್ಲ. ಸೆರೆ ಸಿಕ್ಕ ಫ್ರೆಂಚ್ ಸೈನಿಕರಿಗೆ ಹಿಂಸೆ ಕೊಡಬಾರದೆಂದು ಅವರು ಆಜ್ಞೆ ಹೊರಡಿಸಿದ್ದರು, ಆ ಸೆರೆಯಾಳುಗಳ ಆರಾಧನೆಗೆ ಪಾದ್ರಿಯನ್ನು ಕಳಿಸಿಕೊಡಿ ಎಂದು ಅಲ್ಜೀರ್ಸಿನ ಬಿಷಪರಿಗೆ ಬರೆದಿದ್ದರು. ಇಂಥ ವರ್ತಮಾನಗಳೇ ಲಂಡನ್, ಪ್ಯಾರಿಸ್ ಪತ್ರಿಕೆಗಳಿಂದ ಅಮೆರಿಕದ ಪತ್ರಿಕೆಗಳಿಗೆ ಹರಿದುಹೋದವು.

ಅಮೆರಿಕನ್ನರಿಗೆ ಅಲ್ಜೀರ್ಸ್ ಹೊಸ ಹೆಸರಲ್ಲ. 1815ರಲ್ಲಿ, ಹಡಗುಗಳ ಕಪ್ಪದ ಜಗಳಕ್ಕೆ, ಅವರೇ ಅಲ್ಲಿಗೆ ನೌಕಾಪಡೆ ಕಳಿಸಿ ಯುದ್ಧ ಮಾಡಿದ್ದರು. ಮೂವತ್ತೊಂದು ವರ್ಷದ ನಂತರ ಅದೇ ನಾಡಿನ ಒಬ್ಬರ ಹೆಸರು ಅವರ ಊರಿಗೆ! ಆದರೆ ಇದು ಮೊದಲ ಸಲವೂ ಅಲ್ಲ. 1782ರಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕೊನೆಯ ಕಾಲದಲ್ಲಿ, ಡೆಲಾವೇರ್ ಕೊಲ್ಲಿಯಲ್ಲಿ 'ಜನರಲ್ ಮಾಂಕ್' ಎಂಬ ಬ್ರಿಟಿಷ್ ಹಡಗನ್ನು ಸೋಲಿಸಿ ಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು 'ಹೈದರ್ ಅಲಿ'. ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರಲಿಯೇ. ಆಗ ಅವರು ಇತ್ತ ಇಂಗ್ಲಿಷರ ಜೊತೆ ಕಾದುತ್ತಿದ್ದರು. ದೊಡ್ಡ ಸಾಮ್ರಾಜ್ಯವನ್ನು ಎದುರಿಸಿದವನ ಮೇಲೆ ಆ ಹೊಸ ದೇಶಕ್ಕೆ ಒಂದು ಅಕ್ಕರೆ ಇತ್ತು. ಆತ ಬಹಳ ದೂರದಲ್ಲಿದ್ದರೆ ಅಕ್ಕರೆ ಇನ್ನಷ್ಟು ಸುಲಭ ಎಂದೂ ನಮಗೆ ಅನಿಸುತ್ತದೆ.

ಹೆಸರಿಡುವಾಗ ಡೇವಿಸರು 'ಅಬ್ದ್' ಅನ್ನು ಬಿಟ್ಟರು. ಅಬ್ದ್ ಎಂದರೆ ದಾಸ; ಅಲ್ ಖಾದಿರ್ ಎಂದರೆ ಸರ್ವಶಕ್ತ, ಅಲ್ಲಾಹನ ಹೆಸರುಗಳಲ್ಲಿ ಒಂದು. ದಾಸನನ್ನು ಬಿಟ್ಟು ಊರಿನವರು ಒಡೆಯನ ಹೆಸರನ್ನೇ ಫಲಕಕ್ಕೆ ಬರೆದರು! ಉರ್ದು ಶಾಲೆಯ ಮೌಲ್ವಿ ಸಾಹೇಬರು ಕೇಳಿದ್ದರೆ ಕಿವಿ ಹಿಂಡುತ್ತಿದ್ದರು. ಆದರೆ ಅಯೋವಾದವರನ್ನು ದೂರಿ ಏನು ಪ್ರಯೋಜನ? ನಾವೂ ದಿನಬೆಳಗಾದರೆ 'ಏನ್ರೀ ಖಾದರ್' ಎಂದೇ ಕರೆಯುವುದು.

ಇನ್ನು ಈ ಊರಿನ ನೆಲದ ಕಥೆ. 1832ರಲ್ಲಿ ಅಮೀರರು ಬೈಅತ್ ಪಡೆಯುವುದಕ್ಕೆ ಕೆಲವು ತಿಂಗಳ ಮೊದಲು, ಸಾಕ್ ಜನಾಂಗದ ವೃದ್ಧ ಮುಖಂಡ ಬ್ಲ್ಯಾಕ್ ಹಾಕ್ ತನ್ನ ಜನರನ್ನು ಕಟ್ಟಿಕೊಂಡು ಹಳೆಯ ಊರಿಗೆ ಮರಳಲು ಹೊರಟು, ಮಿಸಿಸಿಪ್ಪಿಯ ದಡದಲ್ಲಿ ಅಮೆರಿಕದ ಸೈನ್ಯದ ಗುಂಡಿಗೆ ಅವರಲ್ಲಿ ಬಹುಪಾಲನ್ನು ಕಳೆದುಕೊಂಡಿದ್ದ. ಅದೇ ಸೆಪ್ಟೆಂಬರಿನ ಒಪ್ಪಂದದಿಂದ ಪೂರ್ವ ಅಯೋವಾದ ಭೂಮಿ ಬಿಳಿಯರಿಗೆ ತೆರೆಯಿತು. ಹೋ-ಚಂಕ್ ಎಂಬ ಇನ್ನೊಂದು ಜನಾಂಗವನ್ನು ವಿಸ್ಕಾನ್ಸಿನ್ನಿನಿಂದ ಎಬ್ಬಿಸಿ ಈಶಾನ್ಯ ಅಯೋವಾಕ್ಕೆ ತಂದು ಕೂರಿಸಿದರು. ಅವರನ್ನು ಕಾಯಲು 1840ರಲ್ಲಿ ಅಟ್ಕಿನ್ಸನ್ ಕೋಟೆ ಕಟ್ಟಿದರು. ಅದೂ ಇದೇ ಟರ್ಕಿ ನದಿಯ ದಂಡೆಯಲ್ಲಿ, ಎಲ್‌ಕೇಡರಿಗಿಂತ ಮೇಲಕ್ಕೆ. ಅಲ್ಜೀರಿಯಾದ ರೈತನ ನೆಲಕ್ಕಾಗಿ ಹೋರಾಡುವವರ ಹೆಸರು ಹೊತ್ತ ಊರಿನಲ್ಲಿ ಗಿರಣಿಯ ಕಲ್ಲು ತಿರುಗುತ್ತಿದ್ದಾಗ, ಅದೇ ಹೊಳೆಯ ಮೇಲ್ದಂಡೆಯಲ್ಲಿ ಸೈನಿಕರು ನೆಲ ಕಳೆದುಕೊಂಡವರಿಗೆ ಪಹರೆ ಕೊಡುತ್ತಿದ್ದರು. 1848ರಲ್ಲಿ ಹೋ-ಚಂಕರನ್ನು ಅಲ್ಲಿಂದಲೂ ಎಬ್ಬಿಸಿ ಮಿನ್ನೆಸೋಟಕ್ಕೆ ಅಟ್ಟಿದರು.

ಆ ವರ್ಷ ಅಮೀರರೂ ಸೆರೆಯಲ್ಲಿದ್ದರು. 1847ರ ಡಿಸೆಂಬರಿನಲ್ಲಿ, ಅರಬರ ಯಾವುದಾದರೂ ನಾಡಿಗೆ ಕಳಿಸುತ್ತೇವೆಂಬ ಮಾತು ಪಡೆದು ಶರಣಾಗಿದ್ದರು. ಫ್ರೆಂಚರು ಮಾತಿಗೆ ತಪ್ಪಿ ಅವರನ್ನು ತೂಲೋನ್, ಪೋ, ಅಂಬ್ವಾಸ್ ಎಂದು ಫ್ರಾನ್ಸಿನ ಕೋಟೆಗಳಲ್ಲಿ ಇಟ್ಟರು. ಅಂಬ್ವಾಸಿನಲ್ಲಿ ಅವರ ಬಳಗದ ಹಲವರು ಮಣ್ಣಾದರು. 1852ರಲ್ಲಿ ಬಿಡುಗಡೆ, ನಂತರ ಬುರ್ಸಾ, 1855ರಿಂದ ದಮಾಸ್ಕಸ್. ಅಲ್ಲಿ 1860ರ ಜುಲೈಯಲ್ಲಿ ಕ್ರೈಸ್ತರ ಕೇರಿಗೆ ಗಲಭೆಕೋರರು ಬೆಂಕಿ ಇಟ್ಟಾಗ ಅಮೀರರು ತಮ್ಮ ಅಲ್ಜೀರಿಯನ್ ಅನುಯಾಯಿಗಳೊಂದಿಗೆ ಬೀದಿಗಿಳಿದು ಸಾವಿರಾರು ಜನರನ್ನು ಕರೆತಂದು ಕಾಪಾಡಿದರು. ಲಿಂಕನ್ನರು ಒಂದು ಜೋಡಿ ಪಿಸ್ತೂಲು ಕಳಿಸಿದರು, ಫ್ರಾನ್ಸ್ ಪದಕ ಕೊಟ್ಟಿತು. ತನ್ನ ನಾಡನ್ನು ಕಸಿದುಕೊಂಡವರ ಪದಕ! 1883ರಲ್ಲಿ ಅವರು ದಮಾಸ್ಕಸ್ಸಿನಲ್ಲೇ ತೀರಿಕೊಂಡರು.

ಎಲ್‌ಕೇಡರಿಗೆ ಜರ್ಮನ್ನರು, ಐರಿಷರು, ನಾರ್ವೆಯವರು ಬಂದು ಹೊಲ ಮಾಡಿದರು, ಹಾಲಿನ ದನ ಸಾಕಿದರು. 1889ರಲ್ಲಿ ನದಿಗೆ ಎರಡು ಕಮಾನಿನ ಸುಣ್ಣಕಲ್ಲಿನ ಸೇತುವೆ ಕಟ್ಟಿದರು. ಇಂದೂ ಅದರ ಮೇಲೆ ವಾಹನ ಓಡುತ್ತದೆ. 1903ರಲ್ಲಿ ಒಂದು ನಾಟಕಶಾಲೆಯೂ ಎದ್ದಿತು. ಜಿಲ್ಲೆಯ ಕೋರ್ಟು ಕಚೇರಿ ಇಲ್ಲಿಯೇ ಇದೆ. 2020ರ ಜನಗಣತಿಯಲ್ಲಿ ಜನಸಂಖ್ಯೆ 1,200ರ ಆಸುಪಾಸು. ನಮ್ಮ ಒಂದು ಗ್ರಾಮ ಪಂಚಾಯಿತಿಯಷ್ಟೂ ಇಲ್ಲ. 1984ರಲ್ಲಿ ಈ ಊರೂ ಅಮೀರರ ಮಸ್ಕರಾವೂ ಸೋದರಿ ನಗರಗಳಾದವು. 2000ರ ದಶಕದಲ್ಲಿ ಅಲ್ಜೀರಿಯಾದ ಕೂಸ್‌ಕೂಸ್ ಬಡಿಸುವ ಒಂದು ಹೋಟೆಲೂ ತೆರೆಯಿತು. ಅಲ್ಲಿಂದಲೇ ಅಮೀರರ ಬಗ್ಗೆ ಹೈಸ್ಕೂಲು ಮಕ್ಕಳಿಗೆ ಪ್ರಬಂಧ ಸ್ಪರ್ಧೆ ನಡೆಸುವ ಸಂಸ್ಥೆಯೊಂದು ಹುಟ್ಟಿತು. 2008ರ ಜೂನಿನಲ್ಲಿ ಟರ್ಕಿ ನದಿ ಹಿಂದೆಂದೂ ಕಾಣದಷ್ಟು ಉಕ್ಕಿ ಊರಿಗೆ ನುಗ್ಗಿದಾಗ ಅಲ್ಜೀರಿಯಾ ಸರ್ಕಾರ 1,50,000 ಡಾಲರ್ ಕಳಿಸಿತು.

ಅದಕ್ಕೆ ಒಂದು ತಿಂಗಳ ಹಿಂದೆ, ಪಕ್ಕದ ಪೋಸ್ಟ್‌ವಿಲ್‌ನ ಮಾಂಸದ ಕಾರ್ಖಾನೆಯಲ್ಲಿ ಕಾಗದಪತ್ರ ಇಲ್ಲದ 389 ಕೂಲಿಗಳನ್ನು, ಬಹುಪಾಲು ಗ್ವಾಟೆಮಾಲಾದವರನ್ನು, ಒಂದೇ ದಿನ ಹಿಡಿದಿದ್ದರು. ಅವರು ಹೋದ ಮೇಲೆ ಆ ಕೆಲಸಕ್ಕೆ ಬಂದವರಲ್ಲಿ ಸೊಮಾಲಿಯಾದ ಮುಸ್ಲಿಮರೂ ಇದ್ದರು. ಆ ಸೀಮೆಯಲ್ಲಿ ಊರಿಗೆ ಹೆಸರು ಕೊಟ್ಟವರು ಅಮೀರರೊಬ್ಬರೇ ಅಲ್ಲ. ಉತ್ತರಕ್ಕೆ ಡೆಕೋರಾ ಎಂಬ ಪಟ್ಟಣವಿದೆ. ಅದು ಹೋ-ಚಂಕರ ಮುಖಂಡ ವಾಕನ್ ಡೆಕೋರಾನ ಹೆಸರು. ಬಿಳಿಯರು ಅಲ್ಲಿ ಮೊದಲು ನೆಲೆಸಿದ್ದು 1849ರಲ್ಲಿ, ಅವನ ಜನರನ್ನು ಅಟ್ಟಿದ ಮರುವರ್ಷ.