ತಾತ ಕಿತ್ತೆಸೆದ ಗಂಧದ ಸಸಿ

ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ಕೋಟೆ, ಶಾಸನಗಳ ಕಡೆಗೆ ನನ್ನ ಮನಸ್ಸು ಹೋಗಲಿಲ್ಲ. ನಮ್ಮೂರಲ್ಲಿ ಅವು ಇಲ್ಲವೆಂಬುದೂ ನಿಜ. ನೆನಪಾದದ್ದು ನಮ್ಮ ಹೊಲದ ಬದುವಿನಲ್ಲಿದ್ದ ಒಂದು ಗಂಧದ ಸಸಿ.

ಆಗ ನಾನು ಈ ಶಾಲೆಯ ಎಂಟನೆಯ ತರಗತಿಯಲ್ಲಿದ್ದೆ. ಮೊದಲ ತಂಡದವರು ನಾವು. ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 1973ರ ಚಿತ್ರ. ನಮ್ಮ ಕಡೆಯ ಟೆಂಟಿಗೆ ಬರುವ ಹೊತ್ತಿಗೆ ರೀಲು ಸವೆದು ಪರದೆಯ ತುಂಬ ಮಳೆ ಸುರಿದಂತೆ ಕಾಣುತ್ತಿತ್ತು. ಅದನ್ನು ನೋಡಿ ಬಂದ ಹುರುಪಿನಲ್ಲಿ, ಹೊಂಗೆಯ ಬುಡದಲ್ಲಿ ಮೊಳಕಾಲೆತ್ತರ ಬೆಳೆದಿದ್ದ ಸಸಿಯನ್ನು ತಾತನಿಗೆ ತೋರಿಸಿದೆ. ತಾತ ಸುತ್ತ ಒಮ್ಮೆ ನೋಡಿದರು. ಬೇರುಸಹಿತ ಕಿತ್ತು, ಎರಡು ತುಂಡು ಮಾಡಿ ತಿಪ್ಪೆಗೆ ಹಾಕಿದರು. “ಯಾರ ಹತ್ರಾನೂ ಅನ್ನಬ್ಯಾಡ ಕಣ್ಲಾ” ಎಂದರು. ದಿನಾ ಬೆಳಿಗ್ಗೆ ಸಾಣೆಕಲ್ಲಿನ ಮೇಲೆ ಗಂಧ ತೇಯ್ದು, ದೇವರಿಗಿಟ್ಟು, ಉಳಿದದ್ದನ್ನು ಹಣೆಗೆ ಹಚ್ಚಿಕೊಳ್ಳುತ್ತಿದ್ದ ಮನುಷ್ಯ! ಎರಡು ದಿನ ನಾನು ಅವರೊಡನೆ ಮಾತಾಡಲಿಲ್ಲ.

ಇತಿಹಾಸದ ಮೇಷ್ಟ್ರಾಗಿ ಪಾಠ ಹೇಳುವಾಗಲೇ ಆ ಭಯದ ಬೇರು ನನಗೆ ಸಿಕ್ಕಿದ್ದು. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮರ ಯಾರ ಹೊಲದಲ್ಲಿ ಹುಟ್ಟಿದರೂ ಒಡೆತನ ಅರಮನೆಯದು. ಟಿಪ್ಪು ಹೋದ, ಒಡೆಯರು ಬಂದರು, ನಡುವೆ ಬ್ರಿಟಿಷ್ ಕಮಿಷನರರು ಆಳಿದರು, ಕೊನೆಗೆ ಸ್ವಾತಂತ್ರ್ಯವೂ ಬಂತು. ಈ ನಿಯಮ ಮಾತ್ರ ಅಲುಗಲಿಲ್ಲ. ಬೆಳೆಸಿದವನಿಗೆ ಹಣದಲ್ಲಿ ಒಂದು ಪಾಲು ಕೊಡುವ ಏರ್ಪಾಡು ಇತ್ತೆನ್ನಿ. ಆದರೆ ಮರ ಕಳುವಾದರೆ ಉತ್ತರ ಹೇಳಬೇಕಾದವನೂ ಅವನೇ. ಹಾಗಾಗಿ ಬೇಸಾಯಗಾರನಿಗೆ ಗಂಧವೆಂದರೆ ಹೊಲದಲ್ಲಿ ಹುಟ್ಟಿದ ಕೋರ್ಟು ಕಚೇರಿ. ಸಸಿಯಿರುವಾಗಲೇ ಕಿತ್ತರೆ ನಿಶ್ಚಿಂತೆ. ನಮ್ಮ ತಾತನಂತೆ ಎಷ್ಟು ಜನ ಎಷ್ಟು ಸಸಿ ಕಿತ್ತರೋ, ಅದನ್ನು ಯಾವ ದಫ್ತರದಲ್ಲೂ ಬರೆದಿಟ್ಟಿಲ್ಲ.

ಸರ್ಕಾರಕ್ಕೆ ಅಷ್ಟೊಂದು ಮಮತೆ ಯಾಕೆಂದರೆ ಅದರ ಬೆಲೆ ಅಂಥದು. ಮೈಸೂರಿನ ಗಂಧದ ಕೊರಡು ಹರಾಜಾಗಿ ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. 1914ರ ಮಹಾಯುದ್ಧ ಆ ದಾರಿಯನ್ನು ಮುಚ್ಚಿತು, ಕೊರಡು ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ರಾಜರು, ವಿಶ್ವೇಶ್ವರಯ್ಯನವರು ದಿವಾನರು. ಎಣ್ಣೆಯನ್ನು ನಾವೇ ಯಾಕೆ ತೆಗೆಯಬಾರದು ಎಂದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳ ನೆರವು ಪಡೆದು 1916ರಲ್ಲಿ ಗಂಧದೆಣ್ಣೆ ತೆಗೆಯಲು ಶುರುಮಾಡಿದರು. 1918ರಲ್ಲಿ ಸೋಪು ಬಂತು. ಆ ಸೋಪಿನ ಖಾಲಿ ಪೆಟ್ಟಿಗೆಯನ್ನು ನಮ್ಮಮ್ಮ ಸೀರೆಯ ಮಡಿಕೆಯಲ್ಲಿ ಇಡುತ್ತಿದ್ದರು. ನಿಮ್ಮ ಮನೆಗಳಲ್ಲೂ ಇಟ್ಟಿರುತ್ತಾರೆ.

ಮರವೂ ವಿಚಿತ್ರದ್ದೇ. ಹೂವಿಗಾಗಲಿ ಎಲೆಗಾಗಲಿ ಹೆಸರಿಗೆ ತಕ್ಕ ಪರಿಮಳವಿಲ್ಲ. ವರ್ಷಗಳು ಕಳೆದು ಒಳಗೆ ಚೇಗು ಕಟ್ಟಿದ ಮೇಲೆ ಅಲ್ಲಿ ವಾಸನೆ. ಬೇರಿನಲ್ಲೂ ಎಣ್ಣೆಯಿರುವುದರಿಂದ ಇದನ್ನು ಕಡಿಯುವುದಕ್ಕಿಂತ ಬುಡಸಹಿತ ಅಗೆದು ತೆಗೆಯುವುದೇ ರೂಢಿ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿ ನೀರು, ಸಾರ ಹೀರಬೇಕು. ಹೊಂಗೆಯ ಬುಡದಲ್ಲಿ ನಮ್ಮ ಸಸಿ ಹುಲುಸಾಗಿದ್ದದ್ದು ಅದಕ್ಕೇ. ಬಿತ್ತಿದವರು ಹಕ್ಕಿಗಳು. ಕಪ್ಪು ಹಣ್ಣು ತಿಂದು ಹೊಂಗೆಯ ಮೇಲೆ ಕೂತು ಉದುರಿಸಿದ ಬೀಜ ಅದು.

ಗಂಧದ ಮರಕ್ಕೆ ಹಾವು ಸುತ್ತಿಕೊಂಡಿರುತ್ತದೆ ಎಂದು ನಮ್ಮಜ್ಜಿ ನಂಬಿದ್ದರು. ನಾನಂತೂ ಒಂದು ದಿನವೂ ಕಂಡಿಲ್ಲ. ಮಕ್ಕಳು ಅತ್ತ ಹೋಗದಿರಲಿ ಎಂದೇ ಹುಟ್ಟಿದ ಮಾತಿರಬೇಕು ಅನಿಸುತ್ತದೆ. ಸಗಣಿಯವನ ಸ್ನೇಹಕ್ಕಿಂತ ಗಂಧದವನ ಜೊತೆ ಗುದ್ದಾಟ ಮೇಲು ಎಂಬ ಗಾದೆಯನ್ನು ತಾತನ ಮುಂದೆ ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. ಸಗಣಿಯಿಂದ ಹೊಲಕ್ಕೆ ಗೊಬ್ಬರವಾದರೂ ಆಗುತ್ತದೆ ಎನ್ನುತ್ತಿದ್ದರು.

ಅವರು ತೀರಿಕೊಂಡ ದಿನ ಚಿತೆಗೆ ಇಡಲು ಪೇಟೆಯ ಗ್ರಂಥಿಗೆ ಅಂಗಡಿಯಿಂದ ಬೆರಳುದ್ದದ ಗಂಧದ ಚಕ್ಕೆ ತರಬೇಕಾಯಿತು. ಅಂಗಡಿಯವರು ಅದನ್ನು ಚಿನ್ನ ತೂಗುವಂತೆ ತೂಗಿದರು. ಆ ಸಸಿ ಉಳಿದಿದ್ದರೆ ಅಷ್ಟರಲ್ಲಿ ಚೇಗು ಕಟ್ಟಿರುತ್ತಿತ್ತು ಎಂದು ಅಂಗಡಿಯ ಮುಂದೆ ನಿಂತು ಲೆಕ್ಕ ಹಾಕಿದ್ದು ನೆನಪಿದೆ. ಅಪ್ಪನಿಗೆ ಹೇಳಲಿಲ್ಲ.

2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ ಹೊಲದ ಗಂಧ ಹೊಲದವನದೇ ಆಯಿತು. ಕಡಿಯುವುದಕ್ಕೂ ಮಾರುವುದಕ್ಕೂ ಕಟ್ಟುಪಾಡುಗಳು ಉಳಿದವು, ಆದರೂ ಎರಡು ಶತಮಾನ ದಾಟಿದ ಹೆದರಿಕೆಗೆ ಕಾಗದದ ಮೇಲಾದರೂ ತೆರೆ ಬಿತ್ತು.

ಹೋದ ವರ್ಷ ಸುವರ್ಣ ಮಹೋತ್ಸವದ ಪೂರ್ವಭಾವಿ ಸಭೆಗೆಂದು ಶಾಲೆಗೆ ಬಂದಿದ್ದೆ. ಬಿಸಿಯೂಟದ ಕೋಣೆಯ ಹಿಂದೆ, ತಟ್ಟೆ ತೊಳೆದ ನೀರು ಹರಿಯುವ ಕಡೆ, ಹೊಂಗೆಯ ನೆರಳಿನಲ್ಲಿ ಒಂದು ಗಂಧದ ಸಸಿ. ಯಾರೂ ನೆಟ್ಟಿದ್ದಲ್ಲ. ಈಗ ನನ್ನ ಎದೆಮಟ್ಟಕ್ಕಿದೆ. ಪಕ್ಕದ ತೊಗರಿ ಗಿಡವನ್ನು ಕಳೆಯೆಂದು ಕೀಳಬೇಡಿರಪ್ಪ ಎಂದು ಎಂಟನೆಯ ತರಗತಿಯ ಹುಡುಗರಿಗೆ ಹೇಳಿ ಬಂದಿದ್ದೇನೆ.