ಗಾಯಕ್ಕೆ ದೇಹ ಕೊಡುವ ಉತ್ತರ

ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟ 1902ರಲ್ಲಿ, ಎಂಟನೆಯದು 1904ರಲ್ಲಿ ಹೊರಬಂದವು. ಶಿಕಾರಿಪುರ ತಾಲ್ಲೂಕಿನ ಶಾಸನಗಳು ಮೊದಲನೆಯದರಲ್ಲೂ ಸೊರಬದವು ಎರಡನೆಯದರಲ್ಲೂ ಸೇರಿವೆ. ಅರಸುಮನೆತನಗಳ ಕಾಲನಿರ್ಣಯಕ್ಕಾಗಿ ಇವನ್ನು ತಿರುವಿ ಹಾಕಿದವರೇ ಹೆಚ್ಚು. ಆದರೆ ಗಾಯಗೊಂಡ ಮನುಷ್ಯನ ವಿಷಯವಾಗಿಯೂ ಈ ಕಲ್ಲುಗಳಲ್ಲಿ ಮಾತಿದೆ. ಇಂದಿನ ಶಸ್ತ್ರಚಿಕಿತ್ಸೆಯ ಒಂದು ಮುಖ್ಯ ಪ್ರಶ್ನೆಯನ್ನು ಅರಿಯಲು ಅದು ನೆರವಾಗುತ್ತದೆ.

ಸೊರಬದ ಕಡೆ ವೀರಗಲ್ಲುಗಳು ಹೇರಳ. ಅವುಗಳ ವಿನ್ಯಾಸ ಬಹುಮಟ್ಟಿಗೆ ಒಂದೇ ಬಗೆಯದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕೊಂಡೊಯ್ಯುವ ನೋಟ. ಮೇಲೆ ಲಿಂಗದ ಇಲ್ಲವೇ ಜಿನನ ಸನ್ನಿಧಿ. ತುರುಗೊಳ್ ಎಂದರೆ ದನಗಳ ಅಪಹರಣ. ಅದನ್ನು ತಡೆಯಲು ಹೋಗಿ ಮಡಿದವರ ನೆನಪಿನ ಕಲ್ಲುಗಳೂ ಇವುಗಳಲ್ಲಿ ಹಲವು. ಆ ವೀರ ನರಳುತ್ತಾ ಬಿದ್ದುದನ್ನು ಶಿಲ್ಪಿ ಸಾಮಾನ್ಯವಾಗಿ ಕೆತ್ತುವುದಿಲ್ಲ. ಬಿಲ್ಲೆಳೆದು, ಕತ್ತಿ ಬೀಸಿ ನಿಂತ ಭಂಗಿಯಲ್ಲೇ ಅವನನ್ನು ತೋರಿಸುತ್ತಾನೆ. ಇದು ಬರಿಯ ಸ್ತುತಿಯೆ?

ಪೂರ್ತಿ ಹಾಗಲ್ಲ ಎನ್ನಲು ಆಧಾರವಿದೆ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿದ್ದ ಅಮೆರಿಕದ ಅರಿವಳಿಕೆ ತಜ್ಞ ಹೆನ್ರಿ ಬೀಚರ್, ತೀವ್ರವಾಗಿ ಗಾಯಗೊಂಡ ಸೈನಿಕರನ್ನು ನೋವಿನ ಬಗ್ಗೆ ವಿಚಾರಿಸಿದರು. ನಾಲ್ವರಲ್ಲಿ ಸುಮಾರು ಮೂವರು ನೋವಿನ ಮದ್ದು ಬೇಡವೆಂದರು. 1946ರಲ್ಲಿ ಬೀಚರ್ ಇದನ್ನು ಪ್ರಕಟಿಸಿದರು. ಹತ್ತು ವರ್ಷಗಳ ನಂತರ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಗೆ ಒಳಗಾದ ನಾಗರಿಕರೊಂದಿಗೆ ಹೋಲಿಸಿದಾಗ, ಇವರಲ್ಲಿ ಐವರಿಗೆ ನಾಲ್ವರಿಗೂ ಹೆಚ್ಚು ಮಂದಿ ಮದ್ದು ಕೇಳಿದ್ದರು. ಗಾಯ ಎಷ್ಟು ದೊಡ್ಡದು ಎಂಬುದರಿಂದಲೇ ನೋವಿನ ಅಳತೆ ಸಿಗುವುದಿಲ್ಲ ಎಂದು ಇದರಿಂದ ತಿಳಿಯಿತು.

ಗಾಯವಾದೊಡನೆ ದೇಹದಲ್ಲಿ ನಡೆಯುವುದೇನು? ನರಗಳ ಮೂಲಕ ಸುದ್ದಿ ಮಿದುಳಿನ ಹೈಪೊಥಲಾಮಸ್ ಭಾಗಕ್ಕೆ ಮುಟ್ಟುತ್ತದೆ. ಅದರ ಆಣತಿಯಂತೆ ಪಿಟ್ಯುಟರಿ ಗ್ರಂಥಿ ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಮೂತ್ರಪಿಂಡಗಳ ನೆತ್ತಿಯಲ್ಲಿ ಕುಳಿತ ಅಡ್ರಿನಲ್ ಗ್ರಂಥಿಗಳು ಅದಕ್ಕೆ ಓಗೊಟ್ಟು ಕಾರ್ಟಿಸಾಲ್ ಸುರಿಸುತ್ತವೆ. ಇತ್ತ ಅಡ್ರಿನಲಿನ್ ಏರಿ ಎದೆಬಡಿತ ಹೆಚ್ಚುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಸ್ನಾಯುವಿನ ಪ್ರೋಟೀನು ಕರಗುತ್ತದೆ, ನೀರು ಮತ್ತು ಉಪ್ಪು ದೇಹದಲ್ಲೇ ಉಳಿಯುತ್ತವೆ. ದೊಡ್ಡ ಶಸ್ತ್ರಕ್ರಿಯೆಯಾದ ನಾಲ್ಕಾರು ಗಂಟೆಗಳಲ್ಲಿ ಕಾರ್ಟಿಸಾಲ್ ಮೂರು ನಾಲ್ಕು ಪಟ್ಟು ಏರುವುದುಂಟು.

ಈ ತಿಳಿವಳಿಕೆ ಬಿಡಿಬಿಡಿಯಾಗಿ ಕೂಡಿಬಂದದ್ದು. ಹೋರಾಟ ಇಲ್ಲವೇ ಪಲಾಯನಕ್ಕೆ ದೇಹ ಅಣಿಯಾಗುವ ಬಗೆಯನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ವಿವರಿಸಿದರು. 1930ರ ದಶಕದಲ್ಲಿ ಗ್ಲಾಸ್ಗೊ ನಗರದ ಡೇವಿಡ್ ಕತ್‌ಬರ್ಟ್‌ಸನ್, ಕಾಲಿನ ಮೂಳೆ ಮುರಿದವರ ದೇಹ ತನ್ನದೇ ಪ್ರೋಟೀನನ್ನು ಕಳೆದುಕೊಳ್ಳುವುದನ್ನು ಅಳೆದು ತೋರಿಸಿದರು. ಪೆಟ್ಟು, ಚಳಿ, ವಿಷ ಯಾವುದೇ ಇರಲಿ ದೇಹ ಒಂದು ಸಾಮಾನ್ಯ ರೀತಿಯಲ್ಲೂ ಉತ್ತರಿಸುತ್ತದೆ ಎಂದು ಹ್ಯಾನ್ಸ್ ಸೆಲ್ಯೆ 1936ರಲ್ಲಿ ಬರೆದರು. ‘ಸ್ಟ್ರೆಸ್’ ಎಂಬ ಪದ ಲೋಕರೂಢಿಗೆ ಬಂದದ್ದು ಮುಖ್ಯವಾಗಿ ಅವರಿಂದಲೇ.

ರಣರಂಗದಲ್ಲಿ ಈ ಏರ್ಪಾಡು ಜೀವ ಉಳಿಸಬಲ್ಲದು. ರಕ್ತ ಸೋರುವವನಿಗೆ ನೀರು ಉಳಿಯಬೇಕು, ಓಡುವವನಿಗೆ ಸಕ್ಕರೆ ಬೇಕು. ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿದವನು ಓಡಬೇಕಾಗಿಲ್ಲ. ಅವನಿಗೆ ರಕ್ತ, ದ್ರವ ಕೊಡಲು ಜನರಿದ್ದಾರೆ. ಆದರೂ ಅವನ ದೇಹ ದನಗಳ್ಳರೆದುರು ನಿಂತ ವೀರನ ದೇಹದಂತೆಯೇ ಸಜ್ಜಾಗುತ್ತದೆ. ಅರಿವು ತಪ್ಪಿದ್ದರೂ ಆ ಸಜ್ಜು ಪೂರ್ತಿ ನಿಲ್ಲುವುದಿಲ್ಲ. ಅದು ಅತಿಯಾದರೆ ಹೃದಯಕ್ಕೆ ಹೊರೆ, ಸೋಂಕಿಗೆ ಅವಕಾಶ, ಚೇತರಿಕೆಗೆ ತಡೆ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಅದನ್ನು ತಗ್ಗಿಸುವುದು ಹೇಗೆ? 1959ರಲ್ಲಿ ಅಮೆರಿಕದ ರಿಚರ್ಡ್ ಎಗ್ಡಾಲ್ ನಾಯಿಗಳ ಮೇಲೆ ನಡೆಸಿದ ಪ್ರಯೋಗ ದಾರಿ ತೋರಿಸಿತು. ಪೆಟ್ಟಾದ ಕಾಲಿನ ನರವನ್ನು ಕತ್ತರಿಸಿದರೆ ಅಡ್ರಿನಲ್ ಗ್ರಂಥಿಯ ಉತ್ತರ ನಿಂತುಹೋಗುತ್ತಿತ್ತು. ಮುಂದೆ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್, ಬೆನ್ನುಹುರಿಯ ಬಳಿ ಅರಿವಳಿಕೆ ಮದ್ದು ಕೊಟ್ಟು ನರದ ಸುದ್ದಿಯನ್ನು ತಡೆದರೆ ಹಾರ್ಮೋನುಗಳ ಏರಿಕೆ ಎಷ್ಟು ತಗ್ಗುತ್ತದೆ ಎಂಬುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ರೋಗಿಯನ್ನು ಬೇಗ ಎಬ್ಬಿಸಿ ನಡೆಸುವ, ಬೇಗ ಉಣಿಸುವ ಇಂದಿನ ಪದ್ಧತಿಗೆ ಅವರ ಕೆಲಸವೂ ಒಂದು ತಳಹದಿ.

ಸೂಜಿ ಚಿಕಿತ್ಸೆ ಈ ಚರ್ಚೆಗೆ ಬಂದದ್ದು ಚೀನಾದಿಂದ. 1938ರಲ್ಲಿ ಚೀನಾಕ್ಕೆ ಹೋದ ಭಾರತದ ಐವರು ವೈದ್ಯರ ತಂಡದಲ್ಲಿ, ಕನ್ನಡದ ಮಾತೂ ಕೇಳುವ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಇದ್ದರು. 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಸಂಗಾತಿ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು, ಕಲ್ಕತ್ತಾದಲ್ಲಿ ಅದನ್ನು ಆರಂಭಿಸಿದರು. 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಅವರಿಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಕ್ರಿಯೆಯಾಯಿತು. ಅರಿವಳಿಕೆ ಕೊಟ್ಟದ್ದು ಎಂದಿನ ಇಂಜೆಕ್ಷನ್ನಿನಿಂದ. ಸೂಜಿ ಚುಚ್ಚಿದ್ದು ನಂತರ, ಹೊಟ್ಟೆಯ ಸಂಕಟಕ್ಕೆ. ಜನರ ಬಾಯಲ್ಲಿ ಮಾತ್ರ ಸೂಜಿಯಿಂದಲೇ ಶಸ್ತ್ರಕ್ರಿಯೆಯಾಯಿತೆಂಬ ಕಥೆ ಹಬ್ಬಿತು.

ಕಥೆಯ ಆಚೆಗೆ ಗಟ್ಟಿಯಾದದ್ದೂ ಇದೆ. ದೇಹ ತಾನೇ ತಯಾರಿಸುವ ಅಫೀಮಿನಂಥ ನೋವುಶಾಮಕಗಳು 1975ರಲ್ಲಿ ಸ್ಕಾಟ್ಲೆಂಡಿನಲ್ಲಿ ಪತ್ತೆಯಾದವು. ಸಂಕಟದ ಹೊತ್ತಿನಲ್ಲಿ ಪಿಟ್ಯುಟರಿ ಗ್ರಂಥಿ ಕಾರ್ಟಿಸಾಲನ್ನು ಎಬ್ಬಿಸುವ ಹಾರ್ಮೋನನ್ನೂ ಎಂಡಾರ್ಫಿನ್ ಎಂಬ ನೋವುಶಾಮಕವನ್ನೂ ಜೊತೆಯಲ್ಲೇ ಬಿಡುತ್ತದೆ ಎಂದು 1977ರಲ್ಲಿ ತಿಳಿಯಿತು. ಎರಡೂ ಹುಟ್ಟುವುದು ಒಂದೇ ಮೂಲವಸ್ತುವಿನಿಂದ. ಗಾಯಗೊಂಡೂ ಕಾದಾಡುವವನ ಗುಟ್ಟಿನಲ್ಲಿ ಇದರ ಪಾಲೂ ಇರಬೇಕು. ಅಫೀಮಿನ ಪರಿಣಾಮವನ್ನು ತಡೆಯುವ ಮದ್ದು ಕೊಟ್ಟರೆ ಸೂಜಿಯ ನೋವುಶಮನವೂ ಇಳಿಯುತ್ತದೆಂದು ಅದೇ ವರ್ಷ ಡೇವಿಡ್ ಮೇಯರ್ ಮತ್ತು ಸಂಗಡಿಗರು ವರದಿ ಮಾಡಿದರು.

ಹೊಟ್ಟೆಯ ಶಸ್ತ್ರಕ್ರಿಯೆಗೆ ಮುನ್ನ ಬೆನ್ನಿನ ಚರ್ಮದಲ್ಲಿ ಸಣ್ಣ ಸೂಜಿಗಳನ್ನು ಇರಿಸಿದ ಜಪಾನಿನ ವೈದ್ಯರು, ನೋವು, ವಾಂತಿಯ ಜೊತೆಗೆ ಕಾರ್ಟಿಸಾಲ್ ಮತ್ತು ಅಡ್ರಿನಲಿನ್ ಕೂಡ ತಗ್ಗಿದ್ದನ್ನು 2001ರಲ್ಲಿ ಪ್ರಕಟಿಸಿದರು. ಆದರೆ ಇಂಥ ಪರೀಕ್ಷೆಗಳ ಫಲಿತಾಂಶಗಳೆಲ್ಲ ಒಂದೇ ದಿಕ್ಕಿನಲ್ಲಿಲ್ಲ. ಹಲವು ಅಧ್ಯಯನಗಳು ಚಿಕ್ಕವು. ಸೂಜಿ ಚುಚ್ಚಿದೆಯೋ ಇಲ್ಲವೋ ಎಂಬುದನ್ನು ರೋಗಿಯಿಂದ ಮರೆಮಾಡುವುದೂ ಕಷ್ಟ. ಹೆಚ್ಚು ಭರವಸೆಯಿಂದ ಹೇಳಬಹುದಾದದ್ದು ಶಸ್ತ್ರಕ್ರಿಯೆಯ ನಂತರದ ವಾಕರಿಕೆಯ ವಿಷಯ. ಮಣಿಕಟ್ಟಿನಿಂದ ಮೂರು ಬೆರಳು ಮೇಲಿರುವ ಬಿಂದುವಿನಲ್ಲಿ ಚುಚ್ಚುವುದು, ಒತ್ತುವುದು ಅದನ್ನು ಕಡಿಮೆ ಮಾಡುತ್ತದೆ. ಅರಿವಳಿಕೆಯ ಬದಲಿಗೆ ಸೂಜಿಯನ್ನು ನಂಬಲು ಇಷ್ಟು ಸಾಲದು. ಅದರ ಜೊತೆಗೆ ಬಳಸಿ ನೋಡಲು ಸಾಕು.

ಇಲ್ಲಿ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನವೊಂದನ್ನು ನೆನೆಯಬೇಕು. ಕಳಚುರಿ ಬಿಜ್ಜಳನ ಕಾಲದ್ದು, 1162ರದು. ದಕ್ಷಿಣ ಕೇದಾರವೆನಿಸಿದ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು ಅದು ವರ್ಣಿಸುತ್ತದೆ. ಕಾಳಾಮುಖ ಗುರು ವಾಮಶಕ್ತಿ ಆಗ ಅದರ ಆಚಾರ್ಯ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದ ಅಲ್ಲಿ ದೀನರಿಗೆ, ಕುಂಟರು ಕುರುಡರಿಗೆ ಅನ್ನ ಸಿಗುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಕೊಡುವ ಸ್ಥಾನ ಅದು ಎಂದು ಹೇಳಿ, ಸಕಲ ಜೀವಿಗಳಿಗೂ ಅಭಯ ನೀಡುವ ಸ್ಥಾನ ಎಂದೂ ಶಾಸನ ಸೇರಿಸುತ್ತದೆ.

ಅದನ್ನು ಬರೆಸಿದವರಿಗೆ ಹಾರ್ಮೋನುಗಳ ಸುದ್ದಿ ಗೊತ್ತಿತ್ತೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರ. ಅಭಯ ಎಂಬುದು ಅವರಿಗೆ ಧರ್ಮದ ಮಾತು. ಆದರೆ ನಮಗೆ ಇಂದು ಗೊತ್ತಿದೆ: ಹೆದರಿಕೆ ಮತ್ತು ಗಾಯ ಎರಡೂ ತಟ್ಟುವುದು ಅದೇ ಗ್ರಂಥಿಗಳ ಬಾಗಿಲನ್ನು. ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ ವೈದ್ಯರು ರೋಗಿಯ ಮಂಚದ ಬಳಿ ನಿಂತು ನಾಳೆ ಏನೇನಾಗುತ್ತದೆ ಎಂದು ಬಿಡಿಸಿ ಹೇಳುವುದೂ ಚಿಕಿತ್ಸೆಯ ಭಾಗವೇ. ಅದಕ್ಕೆ ಸೂಜಿಯೂ ಬೇಡ, ಖರ್ಚೂ ಇಲ್ಲ.